ಎಂಟು ಮೈಲಿ ಎತ್ತರದ ಹಾಡು, ಹದಿನಾಲ್ಕನೇ ಸ್ಥಾನ

(ಸಂಗೀತಾಸಕ್ತರ ಸಂಜೆ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಕೇಳಿಸಿದ ಧ್ವನಿಮುದ್ರಣಗಳ ಜಾಗದಲ್ಲಿ ಅವುಗಳ ವಿವರಣೆ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡುವುದು ಒಂದೇ ಒಂದು ಹಾಡಿನ ಬಗ್ಗೆ. ಸುಮಾರು ಮೂರೂವರೆ ನಿಮಿಷದ ಹಾಡು. 1966ರ ಮಾರ್ಚ್ 14ರಂದು ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್ ಅದನ್ನು ಸಿಂಗಲ್ ಆಗಿ ಬಿಡುಗಡೆ ಮಾಡಿತು. ಸಿಂಗಲ್ ಅಂದರೆ ಏಳಿಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ರೆಕಾರ್ಡು. ಒಂದು ಬದಿಗೆ ಒಂದು ಹಾಡು. ತಂಡ ಲಾಸ್ ಏಂಜಲೀಸ್‌ನ 'ದ ಬರ್ಡ್ಸ್', ಹಾಡು 'ಏಯ್ಟ್ ಮೈಲ್ಸ್ ಹೈ'. ಸೈಕೆಡೆಲಿಕ್ ರಾಕ್ (ಮನಸ್ಸನ್ನು ಕನಸಿನಂಥ ಲೋಕಕ್ಕೆ ಒಯ್ಯುವ ರಾಕ್) ಎಂದು ಇವತ್ತು ಕರೆಯುವ ಸಂಗೀತದ ಚರಿತ್ರೆ ಬರೆಯುವವರು ಯಾರೂ ಈ ಹಾಡನ್ನು ದಾಟಿ ಹೋಗುವುದಿಲ್ಲ. ಆದರೆ ಬಂದ ಕಾಲದಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳನ್ನು ಎಣಿಸುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಹದಿನಾಲ್ಕನೇ ಸ್ಥಾನಕ್ಕೆ ಹೋಗಿ ಅಲ್ಲೇ ನಿಂತಿತು. ಇಂಗ್ಲೆಂಡಿನಲ್ಲಿ ಇಪ್ಪತ್ತನಾಲ್ಕು.

ಹದಿನಾಲ್ಕು ಕೆಟ್ಟ ಸ್ಥಾನವೇನಲ್ಲ ಅನ್ನಬಹುದು. ಆದರೆ ಈ ತಂಡಕ್ಕೆ ಅದು ಹಿನ್ನಡೆಯೇ. ಒಂದು ವರ್ಷ ಹಿಂದೆ, 1965ರ ಜೂನ್‌ನಲ್ಲಿ, ಬಾಬ್ ಡಿಲನ್ ಬರೆದ 'ಮಿಸ್ಟರ್ ಟ್ಯಾಂಬರೀನ್ ಮ್ಯಾನ್' ಹಾಡನ್ನು ಇವರು ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಒಯ್ದಿದ್ದರು. ಇಂಗ್ಲೆಂಡಿನಲ್ಲೂ ಅದೇ ಸ್ಥಾನ ಸಿಕ್ಕಿತು. ಅದೇ ಡಿಸೆಂಬರ್‌ನಲ್ಲಿ 'ಟರ್ನ್! ಟರ್ನ್! ಟರ್ನ್!' ಅಮೆರಿಕದಲ್ಲಿ ಮತ್ತೆ ಮೊದಲನೆಯದು. ಹಾಗೆ ಮೇಲೆ ಕೂತಿದ್ದವರು 'ಏಯ್ಟ್ ಮೈಲ್ಸ್ ಹೈ' ಬಿಟ್ಟ ಮೇಲೆ ಅಮೆರಿಕದ ಮೊದಲ ಇಪ್ಪತ್ತರೊಳಕ್ಕೆ ಮತ್ತೆ ಕಾಲಿಡಲೇ ಇಲ್ಲ. ತಮ್ಮ ಅತಿ ದೊಡ್ಡ ಹಾಡೇ ಅವರ ಕೊನೆಯ ದೊಡ್ಡ ಹಿಟ್ ಕೂಡ ಆಯಿತು.

ಯಾಕೆ ಹೀಗಾಯಿತು ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಡ್ರಗ್ ಹಾಡು ಅಂತ ರೇಡಿಯೊದವರು ಬಹಿಷ್ಕರಿಸಿದರು. ಇಂಗ್ಲಿಷಿನ ಆಡುಮಾತಿನಲ್ಲಿ 'ಹೈ' ಅಂದರೆ ಎತ್ತರ ಮಾತ್ರವಲ್ಲ, ಅಮಲೇರಿದ ಸ್ಥಿತಿ ಕೂಡ. ಈ ಉತ್ತರ ನನಗೆ ಅರ್ಧ ಮಾತ್ರ ಒಪ್ಪಿಗೆ. ನನ್ನ ಅಭಿಪ್ರಾಯ ಇಷ್ಟು: ಹಾಡು ಹೊರಬಂದ ಎರಡು ತಿಂಗಳೊಳಗೆ ಅದರ ಹಣೆಗೆ ಎರಡು ಪಟ್ಟಿ ಅಂಟಿದವು. ಒಂದನ್ನು ಅಂಟಿಸಿದ್ದು ಸ್ವಂತ ಕಂಪನಿಯ ಪ್ರಚಾರ ವಿಭಾಗ, 'ರಾಗ ರಾಕ್' ಅಂತ. ಇನ್ನೊಂದನ್ನು ಅಂಟಿಸಿದ್ದು ರೇಡಿಯೊದವರ ಒಂದು ವಾರಪತ್ರಿಕೆ, 'ಡ್ರಗ್ ಹಾಡು' ಅಂತ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಈ ಎರಡರ ನಡುವೆ ಹಾಡಿಗೆ ಕಿವಿಗೊಟ್ಟವರೇ ಕಡಿಮೆಯಾದರು. ಅದರೊಳಗೆ ನಮ್ಮ ಸಂಗೀತದಿಂದ ಹೋದದ್ದು ನಿಜವಾಗಿ ಏನು ಅನ್ನುವುದೂ ಆ ಗದ್ದಲದಲ್ಲಿ ಮುಚ್ಚಿಹೋಯಿತು. ಆ ಭಾಗದ ಬಗ್ಗೆ ನನಗೆ ಹೇಳಲಿಕ್ಕೆ ಹೆಚ್ಚು ಇದೆ. ಬೇರೆ ಕಡೆ ಬೇಗ ಬೇಗ ಸಾಗುತ್ತೇನೆ.

ಹಾಡಿನ ಬೀಜ ಬಿದ್ದದ್ದು ಒಂದು ಸೋತ ಪ್ರವಾಸದಲ್ಲಿ. 1965ರ ಆಗಸ್ಟ್‌ನಲ್ಲಿ ಬರ್ಡ್ಸ್ ತಂಡ ಇಂಗ್ಲೆಂಡಿಗೆ ಹೋಯಿತು. ಬೀಟಲ್ಸ್‌ಗೆ ಅಮೆರಿಕ ಕೊಟ್ಟ ಉತ್ತರ ಅಂತ ಅಲ್ಲಿ ಇವರನ್ನು ಡಂಗುರ ಸಾರಿ ಕರೆಸಿದ್ದರು. ಬೀಟಲ್ಸ್ ಊರಿಗೇ ಹೋಗಿ ಬೀಟಲ್ಸ್‌ಗೆ ಉತ್ತರ ಅಂತ ನಿಂತರೆ ಏನಾಗುತ್ತದೆ ಊಹಿಸಿ. ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ಅದೇ ಉಚ್ಚಾರದ ಹೆಸರಿದ್ದ ಒಂದು ಇಂಗ್ಲಿಷ್ ತಂಡದವರು ಹೆಸರು ಕದ್ದಿದ್ದೀರಿ ಅಂತ ಕೋರ್ಟು ನೋಟಿಸು ಕೈಗಿತ್ತರು. ಚಿಕ್ಕ ಚಿಕ್ಕ ಕ್ಲಬ್ಬುಗಳು, ಕೆಟ್ಟ ಧ್ವನಿ ವ್ಯವಸ್ಥೆ, ಮೇಲಿಂದ ಮೇಲೆ ಕಾಯಿಲೆ. ಪತ್ರಿಕೆಗಳು ಹರಿದು ಹಾಕಿದವು. ಹಾಡಿನ ಸಾಹಿತ್ಯವನ್ನು ಬಿಡಿಸಿ ನೋಡಿದರೆ ಅಲ್ಲಿರುವುದು ಬಹುಪಾಲು ಈ ಪ್ರವಾಸವೇ: ವಿಮಾನದಿಂದ ಇಳಿದಾಗ ಕಾಣುವ ಅಪರಿಚಿತ ನೆಲ, ಮಳೆಗೆ ಬೂದಿ ಬಣ್ಣಕ್ಕೆ ತಿರುಗಿದ ಒಂದು ಶಹರು, ಕಪ್ಪು ಕಾರುಗಳು, ಎಲ್ಲೂ ಬೆಚ್ಚನೆಯ ಮುಖ ಕಾಣದ ಜನ. ಗುರುತಿಲ್ಲದ ಊರಿನಲ್ಲಿ ಒಬ್ಬಂಟಿಯಾದವನ ದಿಗ್ಭ್ರಮೆ ಅದು.

ಇದನ್ನು ಬರೆಯಲು ಶುರು ಮಾಡಿದವನು ಜೀನ್ ಕ್ಲಾರ್ಕ್. ತಂಡದ ಅತ್ಯಂತ ಸಮರ್ಥ ಕವಿ ಅವನು ಅಂತ ನನ್ನ ಖಚಿತ ನಂಬಿಕೆ. ಜಿಮ್ ಮಗ್ವಿನ್ ಮತ್ತು ಡೇವಿಡ್ ಕ್ರಾಸ್ಬಿ ಕೈ ಸೇರಿಸಿದರು. ರೆಕಾರ್ಡಿನ ಮೇಲೆ ಮೂವರ ಹೆಸರೂ ಇದೆ. ಈ ಜಿಮ್ ಮಗ್ವಿನ್ ಮುಂದಿನ ವರ್ಷ ಹೆಸರು ಬದಲಿಸಿಕೊಂಡು ರೋಜರ್ ಮಗ್ವಿನ್ ಆದ. ಸಾಮಾನ್ಯವಾಗಿ ವಿಮಾನಗಳು ಹಾರುವುದು ಆರೇಳು ಮೈಲಿ ಎತ್ತರದಲ್ಲಿ. ಎಂಟು ಅಂದದ್ದು ಹಾಡಿನ ಓಟಕ್ಕೆ ಒಗ್ಗಿತು ಅಂತ, ಲೆಕ್ಕ ಹಾಕಿ ಅಲ್ಲ.

ಈಗ ಕ್ಯಾಸೆಟ್ಟಿನ ಕತೆ. 1965ರ ನವೆಂಬರ್‌ನಲ್ಲಿ ತಂಡ ಅಮೆರಿಕದ ಊರೂರು ಸುತ್ತುವ ಕಾರ್ಯಕ್ರಮದಲ್ಲಿತ್ತು. ದಿನಗಟ್ಟಲೆ ರಸ್ತೆಯಲ್ಲೇ ವಾಸ. ಅವರ ಬಳಿ ಒಂದು ಟೇಪು ಇತ್ತು. ಅದರಲ್ಲಿ ರವಿಶಂಕರರ ಸಿತಾರ್, ಜೊತೆಗೆ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ನ 'ಇಂಪ್ರೆಶನ್ಸ್' ಮತ್ತು 'ಆಫ್ರಿಕಾ/ಬ್ರಾಸ್' ಎಂಬ ಎರಡು ಆಲ್ಬಮ್‌ಗಳು. ಬೇರೆ ಏನೂ ಇಲ್ಲದ್ದರಿಂದ ಅದನ್ನೇ ತಿರುಗಿಸಿ ಮುರುಗಿಸಿ ಕೇಳಿದರು. ಪ್ರವಾಸ ಮುಗಿಯುವ ಹೊತ್ತಿಗೆ ಅದು ಅವರ ಬೆರಳುಗಳಿಗೆ ಇಳಿದಿತ್ತು.

ರವಿಶಂಕರರ ಹೆಸರು ಇವರಿಗೆ ಹೊಸದೇನಲ್ಲ. ಇವರ ಮೊದಲ ಮ್ಯಾನೇಜರ್ ಜಿಮ್ ಡಿಕ್ಸನ್‌ಗೆ ಲಾಸ್ ಏಂಜಲೀಸ್‌ನ ವರ್ಲ್ಡ್ ಪೆಸಿಫಿಕ್ ಸ್ಟುಡಿಯೊದಲ್ಲಿ ಸಲುಗೆಯಿತ್ತು. ತಂಡ 1964ರಲ್ಲಿ ರಾತ್ರಿ ಹೊತ್ತು ಅಭ್ಯಾಸ ಮಾಡುತ್ತಿದ್ದದ್ದು ಅಲ್ಲೇ. ರವಿಶಂಕರರ ರೆಕಾರ್ಡುಗಳನ್ನು ಅಮೆರಿಕದಲ್ಲಿ ಹೊರತರುತ್ತಿದ್ದದ್ದೂ ವರ್ಲ್ಡ್ ಪೆಸಿಫಿಕ್ ಕಂಪನಿಯೇ. ಕ್ರಾಸ್ಬಿಗೆ ರವಿಶಂಕರರ ಹುಚ್ಚು ಹಿಡಿದದ್ದು ಹೀಗೆ. ಕಂಡವರಿಗೆಲ್ಲ ಕೇಳಿ ಕೇಳಿ ಅಂತ ದುಂಬಾಲು ಬೀಳುತ್ತಿದ್ದ. 1965ರ ಆಗಸ್ಟ್‌ನಲ್ಲಿ ಬೀಟಲ್ಸ್ ಲಾಸ್ ಏಂಜಲೀಸ್‌ನಲ್ಲಿದ್ದಾಗ ಜಾರ್ಜ್ ಹ್ಯಾರಿಸನ್ ಜೊತೆ ಇವನೂ ಮಗ್ವಿನ್ನೂ ಕೂತು ರವಿಶಂಕರರ ಬಗ್ಗೆ ಮಾತಾಡಿದ್ದು ದಾಖಲಾಗಿರುವ ಸಂಗತಿ. ಆ ಡಿಸೆಂಬರ್‌ನಲ್ಲಿ ಬೀಟಲ್ಸ್ ಹಾಡೊಂದರಲ್ಲಿ ಸಿತಾರ್ ಕೇಳಿಸಿತು. ಮರುವರ್ಷ ಹ್ಯಾರಿಸನ್ ರವಿಶಂಕರರನ್ನು ಭೇಟಿಯಾಗಿ ಶಿಷ್ಯನಾದ. ಮುಂದಿನ ಕತೆ ನಿಮಗೆಲ್ಲ ಗೊತ್ತು.

ಕೋಲ್ಟ್ರೇನ್ ಕತೆ ಅಷ್ಟು ಪ್ರಚಾರಕ್ಕೆ ಬಂದಿಲ್ಲ, ಆದ್ದರಿಂದ ಎರಡು ಮಾತು. 1961ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಅವನು ನುಡಿಸಿದ, 'ಇಂಪ್ರೆಶನ್ಸ್' ಆಲ್ಬಮ್ಮಿನಲ್ಲಿರುವ ಒಂದು ರಚನೆಯ ಹೆಸರೇ 'ಇಂಡಿಯಾ'. ಅದರಲ್ಲಿ ಎರಡು ಡಬಲ್ ಬಾಸ್‌ಗಳಿವೆ. ಯಾಕೆ ಎರಡು? ತಂಬೂರಿಯ ಕೆಲಸ ಮಾಡಲಿಕ್ಕೆ. ಆಧಾರ ಸ್ವರ ಬಿಡದೆ ಮೊಳಗುತ್ತಿರಬೇಕು, ಅದರ ಮೇಲೆ ಸ್ಯಾಕ್ಸೊಫೋನ್ ಒಂದು ಪುಟ್ಟ ಸ್ವರಗುಚ್ಛವನ್ನು ಹಿಡಿದು ಹಿಗ್ಗಿಸುತ್ತ ಹೋಗಬೇಕು. ಕೋಲ್ಟ್ರೇನ್ ರವಿಶಂಕರರನ್ನು ಭೇಟಿಯಾಗಿ ನಮ್ಮ ಸಂಗೀತದ ಬಗ್ಗೆ ಕೇಳಿ ತಿಳಿದುಕೊಂಡಿದ್ದ. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಅಂತಲೇ ಹೆಸರಿಟ್ಟ. ಆ ರವಿ ಕೋಲ್ಟ್ರೇನ್ ಇವತ್ತು ದೊಡ್ಡ ಸ್ಯಾಕ್ಸೊಫೋನ್ ವಾದಕ. ಇನ್ನೂ ಕ್ರಮವಾಗಿ ಕಲಿಯುವ ಆಸೆ ತಂದೆಗಿತ್ತು. ಆದರೆ 1967ರ ಜುಲೈನಲ್ಲಿ, ನಲವತ್ತು ವಯಸ್ಸಿಗೇ, ತೀರಿಕೊಂಡ.

ಅಂದರೆ 'ಏಯ್ಟ್ ಮೈಲ್ಸ್ ಹೈ' ಹಾಡಿಗೆ ನಮ್ಮ ಸಂಗೀತ ತಲುಪಿದ್ದು ಎರಡು ದಾರಿಯಲ್ಲಿ. ರವಿಶಂಕರರಿಂದ ನೇರವಾಗಿ ಒಂದು. ಕೋಲ್ಟ್ರೇನ್ ಎಂಬ ಮಹಾನ್ ಮನಸ್ಸಿನ ಮೂಲಕ ಹಾದು ಇನ್ನೊಂದು. ನನ್ನ ಲೆಕ್ಕದಲ್ಲಿ ಎರಡನೆಯದೇ ಹೆಚ್ಚು ಆಳಕ್ಕೆ ಹೋಯಿತು.

ಹಾಡನ್ನು ಎರಡು ಸಲ ಮುದ್ರಿಸಿದರು. ಮೊದಲು 1965ರ ಡಿಸೆಂಬರ್ 22ರಂದು, ಹಾಲಿವುಡ್‌ನ ಆರ್‌ಸಿಎ ಸ್ಟುಡಿಯೊದಲ್ಲಿ. ಆದರೆ ಕೊಲಂಬಿಯಾದ ಕಟ್ಟಳೆ ಬಿಗಿ: ನಮ್ಮ ಸ್ಟುಡಿಯೊದಲ್ಲಿ ಮುದ್ರಿಸದ್ದನ್ನು ನಾವು ಹೊರತರುವುದಿಲ್ಲ. ಹಾಗಾಗಿ 1966ರ ಜನವರಿ 24, 25ರಂದು ಕೊಲಂಬಿಯಾದ ಸ್ವಂತ ಸ್ಟುಡಿಯೊದಲ್ಲಿ ಮತ್ತೆ ಹಾಡಿ ನುಡಿಸಿದರು. ಜಗತ್ತು ಕೇಳಿದ್ದು ಈ ಎರಡನೆಯದನ್ನು. ಮೊದಲನೆಯದು ಪೆಟ್ಟಿಗೆಯಲ್ಲೇ ಉಳಿದು 1987ರಲ್ಲಿ ಹೊರಬಂತು. ಮೊದಲಿನದೇ ಚೆನ್ನಾಗಿತ್ತು ಅಂತ ಕ್ರಾಸ್ಬಿ ಹೇಳುತ್ತಿದ್ದ.

ಈಗ ಹಾಡು ಕೇಳೋಣ. ಮೊದಲ ಅರ್ಧ ನಿಮಿಷ ಮಾತ್ರ.

(ಹಾಡಿನ ಆರಂಭ ಕೇಳಿಸಲಾಯಿತು.)

ಮೊದಲು ಬರುವುದು ಕ್ರಿಸ್ ಹಿಲ್‌ಮನ್‌ನ ಬಾಸ್ ಗಿಟಾರ್. ಒಬ್ಬನೇ, ಮಂದ್ರದಲ್ಲಿ, ಒಂದೇ ನಡೆಯನ್ನು ಗುದ್ದಿ ಗುದ್ದಿ ನುಡಿಸುತ್ತಾನೆ. ಅದು ಸ್ವರ ಬದಲಿಸಿದರೂ ಮತ್ತೆ ಮತ್ತೆ ಅದೇ ಆಧಾರಕ್ಕೆ ಬಂದು ಬೀಳುತ್ತದೆ. ಹಿಂದೆ ಡ್ರಮ್ಮರ್ ಮೈಕೆಲ್ ಕ್ಲಾರ್ಕ್‌ನ ತಾಳದ ತಟ್ಟೆ ಕಂಪಿಸುತ್ತಿದೆ. ಆಮೇಲೆ ಕ್ರಾಸ್ಬಿಯ ಗಿಟಾರ್ ತುಂಡು ತುಂಡಾಗಿ, ಕೊಯ್ದ ಹಾಗೆ. ಇಷ್ಟು ಹೊತ್ತಿಗೆ ನೆಲ ಸಿದ್ಧವಾಯಿತು. ಆಗ ನುಗ್ಗುತ್ತದೆ ನೋಡಿ ಮಗ್ವಿನ್‌ನ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಗಿಟಾರ್. ಶುರುವಿನ ಆ ನಾಲ್ಕು ಸ್ವರಗಳು ಕೋಲ್ಟ್ರೇನ್‌ನ 'ಇಂಡಿಯಾ'ದಿಂದ ಎತ್ತಿಕೊಂಡದ್ದು ಅಂತ ಮಗ್ವಿನ್ ತಾನೇ ಹೇಳಿದ್ದಾನೆ. ಅಲ್ಲಿಂದ ಮುಂದೆ ಆ ನಾಲ್ಕನ್ನೇ ಒಡೆಯುತ್ತಾನೆ, ಮಗುಚುತ್ತಾನೆ, ಅವುಗಳ ಸುತ್ತ ಗಿರಕಿ ಹೊಡೆಯುತ್ತಾನೆ, ಒಮ್ಮೊಮ್ಮೆ ಶ್ರುತಿ ಬಿಟ್ಟು ಹೊರಗೆ ಹಾರಿ ತಿರುಗಿ ಬರುತ್ತಾನೆ.

ಆ ಗಿಟಾರಿನ ನಾದದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗಿಟಾರ್ ತಂತಿ ಮೀಟಿದರೆ ನಾದ ಹುಟ್ಟಿದ ಕೂಡಲೇ ಕುಗ್ಗುತ್ತದೆ. ಸ್ಯಾಕ್ಸೊಫೋನ್ ಹಾಗಲ್ಲ, ಉಸಿರಿರುವ ತನಕ ನಾದ ನಿಲ್ಲುತ್ತದೆ. ನಮ್ಮ ವೀಣೆಗೂ ನಾಗಸ್ವರಕ್ಕೂ ಇರುವ ಅಂತರ ಇದೇ. ಕೊಲಂಬಿಯಾ ಸ್ಟುಡಿಯೊದ ಇಂಜಿನಿಯರು ಮಗ್ವಿನ್‌ನ ಗಿಟಾರಿಗೆ ಕಂಪ್ರೆಸರ್ ಎಂಬ ಉಪಕರಣವನ್ನು ಒಂದಲ್ಲ, ಒಂದರ ಹಿಂದೆ ಒಂದು ಜೋಡಿಸುತ್ತಿದ್ದ. ಅದು ಜೋರು ದನಿಯನ್ನು ಅದುಮುತ್ತದೆ, ಕುಗ್ಗುವ ದನಿಯನ್ನು ಎತ್ತಿ ಹಿಡಿಯುತ್ತದೆ. ಫಲವಾಗಿ ಒಂದು ಸ್ವರ ಮೂರು ನಾಲ್ಕು ಸೆಕೆಂಡು ಉಳಿಯುತ್ತಿತ್ತು. ಗಿಟಾರು ಗಾಳಿವಾದ್ಯದ ಹಾಗೆ ಉಸಿರು ಹಿಡಿಯಿತು. ಅದಿಲ್ಲದಿದ್ದರೆ ಕೋಲ್ಟ್ರೇನ್‌ನನ್ನು ಗಿಟಾರಿನಲ್ಲಿ ನುಡಿಸುವ ಯೋಚನೆಯೇ ತನಗೆ ಬರುತ್ತಿರಲಿಲ್ಲ ಅನ್ನುವ ಧಾಟಿಯಲ್ಲಿ ಮಗ್ವಿನ್ ಇದನ್ನು ವಿವರಿಸಿದ್ದಾನೆ. ದೊಡ್ಡ ಕಲ್ಪನೆಗೆ ಒಂದು ಸಣ್ಣ ಯಂತ್ರ ದಾರಿ ಮಾಡಿಕೊಟ್ಟ ಈ ವಿವರ ನನಗೆ ಬಹಳ ಪ್ರಿಯ.

ಇಲ್ಲಿ ಸಿತಾರ್ ಎಲ್ಲಿದೆ? ಎಲ್ಲೂ ಇಲ್ಲ. ಒಂದು ತಂತಿ ಸಿತಾರೂ ಈ ರೆಕಾರ್ಡಿನಲ್ಲಿಲ್ಲ. ಗಮಕವೂ ಇಲ್ಲ. ನನ್ನ ಕಿವಿಗೆ ಅಲ್ಲಲ್ಲಿ ಖರಹರಪ್ರಿಯದ ನೆರಳು ಹಾದ ಹಾಗೆ ಅನಿಸಿದರೂ ಇದು ಖರಹರಪ್ರಿಯವಲ್ಲ, ಯಾವ ರಾಗವೂ ಅಲ್ಲ. ಆದರೆ ಆಧಾರವನ್ನು ಬಿಡದೆ ಹಿಡಿದು ಅದರ ಮೇಲೆ ಒಂದು ಪುಟ್ಟ ಸ್ವರಗುಚ್ಛವನ್ನು ಬೆಳೆಸುತ್ತ ಹೋಗುವ ಕ್ರಮ ಇದೆಯಲ್ಲ, ಅದು ನಮ್ಮಲ್ಲಿ ಕಛೇರಿ ಕೇಳಿ ಬೆಳೆದ ಯಾರಿಗಾದರೂ ಗೊತ್ತು. ಪಾಪ್ ಹಾಡಿನಲ್ಲಿ ಅಲ್ಲಿಯವರೆಗೆ ನಡುವಿನ ಗಿಟಾರ್ ಅಂದರೆ ಹಾಡಿನ ಧಾಟಿಯನ್ನೇ ಒಮ್ಮೆ ನುಡಿಸಿ ಮುಗಿಸುವುದು. ಇವನು ಧಾಟಿಯನ್ನು ಬಿಟ್ಟು ಮನೋಧರ್ಮಕ್ಕೆ ಇಳಿದ. ಮೂರೂವರೆ ನಿಮಿಷದೊಳಗೆ, ರೇಡಿಯೊಗಾಗಿ ಮಾಡಿದ ಸಿಂಗಲ್‌ನಲ್ಲಿ. ನಮ್ಮಿಂದ ಅವರು ಕಲಿತದ್ದು ವಾದ್ಯವನ್ನಲ್ಲ, ಈ ನಡೆಯನ್ನು. ಅದೇ ಈ ಹಾಡಿನ ಹೆಚ್ಚುಗಾರಿಕೆ ಅಂತ ನಾನು ಒತ್ತಿ ಹೇಳುತ್ತೇನೆ. ಆ ವರ್ಷಗಳಲ್ಲಿ ಸಿತಾರ್ ಮೇಲೆ ಬೆರಳಾಡಿಸಿ ಪೂರ್ವದ ಬಣ್ಣ ಬಳಿದ ಹಾಡುಗಳು ಹತ್ತಾರು ಬಂದು ಹೋದವು. ಅವುಗಳಲ್ಲಿ ಹೆಚ್ಚಿನವು ಇವತ್ತು ಹಳತಾಗಿ ಕೇಳಿಸುತ್ತವೆ. ಇದು ಹಾಗೆ ಕೇಳಿಸುವುದಿಲ್ಲ.

ರೆಕಾರ್ಡಿನ ಇನ್ನೊಂದು ಬದಿಯ ಹಾಡು 'ವೈ'. ಅದರಲ್ಲಿ ಮಗ್ವಿನ್ ಗಿಟಾರನ್ನೇ ಸಿತಾರಿನ ಹಾಗೆ ಝೇಂಕರಿಸುವಂತೆ ಮಾಡಿದ್ದಾನೆ. ಅದಕ್ಕಾಗಿ ವಾಕಿ-ಟಾಕಿಯ ಆಂಪ್ಲಿಫೈಯರನ್ನು ಸಿಗಾರ್ ಪೆಟ್ಟಿಗೆಯಲ್ಲಿ ಕೂರಿಸಿದ ಒಂದು ಸಾಧನ ಮಾಡಿಸಿಕೊಂಡಿದ್ದ. ಕುತೂಹಲಕ್ಕೆ ಕೇಳಿ. ಹಾಡಾಗಿ ಅದು ಎರಡನೇ ಬದಿಯದೇ.

ಇನ್ನು ಬಿಡುಗಡೆ. ಕೊಲಂಬಿಯಾದ ಪ್ರಚಾರದವರಿಗೆ ಈ ಹೊಸ ನಾದವನ್ನು ಮಾರುವುದು ಹೇಗೆ ಅನ್ನುವ ಚಿಂತೆ. ಅವರು ಹುಡುಕಿಕೊಂಡ ಹೆಸರು 'ರಾಗ ರಾಕ್'. ನ್ಯೂಯಾರ್ಕಿನಲ್ಲಿ ಪತ್ರಿಕಾಗೋಷ್ಠಿ ಕರೆದರು. ತಂಡದವರು ಅಲ್ಲಿ ಸಿತಾರ್ ಹಿಡಿದು ಕೂತರು. ರೆಕಾರ್ಡಿನಲ್ಲಿ ಇಲ್ಲದ ವಾದ್ಯ, ಗೋಷ್ಠಿಯಲ್ಲಿ ಮುಂದಿನ ಸಾಲಿನಲ್ಲಿ! ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಸ್ಯಾಲಿ ಕೆಂಪ್ಟನ್ ಈ ಹೆಸರನ್ನು ಬಳಸಿ ಬರೆದ ಮೇಲೆ ಅದು ಎಲ್ಲ ಕಡೆ ಹಬ್ಬಿತು. ನಂತರ ತಂಡದವರೇ ಈ ಹೆಸರಿನಿಂದ ಬಿಡಿಸಿಕೊಳ್ಳಲು ನೋಡಿದರು. ಅಷ್ಟು ಹೊತ್ತಿಗೆ ಕೇಳುಗರು ಹಾಡಿನಲ್ಲಿ ಸಿತಾರನ್ನು ಹುಡುಕತೊಡಗಿದ್ದರು, ಇದ್ದ ಕೋಲ್ಟ್ರೇನ್ ಯಾರ ಕಣ್ಣಿಗೂ ಬೀಳಲಿಲ್ಲ. ಒಬ್ಬ ಕಪ್ಪು ಜಾಝ್ ಕಲಾವಿದನ ಋಣ ಹೀಗೆ ಪೂರ್ವದೇಶದ ಮೋಹದ ಅಡಿಯಲ್ಲಿ ಸೇರಿಹೋದದ್ದು ನನಗೆ ನೋವಿನ ವಿಷಯ. ಅದನ್ನು ಎತ್ತಿ ಹೇಳದೆ ಈ ಹಾಡಿನ ಬಗ್ಗೆ ಮಾತಾಡಬಾರದು.

ಬಿಡುಗಡೆಯ ಹೊತ್ತಿಗೇ ಇನ್ನೊಂದು ಪೆಟ್ಟು ಬಿತ್ತು. ಜೀನ್ ಕ್ಲಾರ್ಕ್ ತಂಡ ಬಿಟ್ಟ. ಅವನಿಗೆ ವಿಮಾನವೆಂದರೆ ಪ್ರಾಣಭಯ. ನ್ಯೂಯಾರ್ಕಿಗೆ ಹೊರಟ ವಿಮಾನ ಹತ್ತಿ ಕೂತವನು ಹೊರಡುವ ಮೊದಲೇ ತಡೆಯಲಾರದೆ ಇಳಿದುಬಿಟ್ಟ. ಹಾರಲಾರದವನು ಬರ್ಡ್ ಆಗಿರಲಾರ ಅಂತ ಮಗ್ವಿನ್ ಅಂದದ್ದು ಪ್ರಸಿದ್ಧ ಮಾತು. ಕೇಳಲಿಕ್ಕೆ ಚಮತ್ಕಾರವಾಗಿದೆ, ಆದರೆ ಅದರ ಹಿಂದೆ ಬೇರೆ ಕಹಿಗಳೂ ಇದ್ದವು. ಹಾಡು ಬರೆದವನಿಗೆ ರಾಯಲ್ಟಿ ಹೆಚ್ಚು ಸಿಗುತ್ತದೆ. ಕ್ಲಾರ್ಕ್‌ಗೆ ಬರುತ್ತಿದ್ದ ಹಣ ಉಳಿದವರ ಕಣ್ಣು ಕುಕ್ಕುತ್ತಿತ್ತು. ಏನೇ ಇರಲಿ, ವಿಮಾನಯಾನದ ಈ ಹಾಡು ಅಂಗಡಿಗೆ ಬಂದಾಗ ಅದನ್ನು ಬರೆಯಲು ಶುರು ಮಾಡಿದವನೇ ವೇದಿಕೆಯಲ್ಲಿರಲಿಲ್ಲ. ಉಳಿದ ನಾಲ್ವರು ಹೊಸ ಹಾಡನ್ನು ಅವನ ದನಿಯಿಲ್ಲದೆ ಊರೂರಿನಲ್ಲಿ ನಿಭಾಯಿಸಬೇಕಾಯಿತು.

ಈಗ ಗ್ಯಾವಿನ್ ವರದಿಗೆ ಬರೋಣ. ಬಿಲ್ ಗ್ಯಾವಿನ್ ಎಂಬಾತ ಸ್ಯಾನ್ ಫ್ರಾನ್ಸಿಸ್ಕೊದಿಂದ 1958ರಿಂದ ಒಂದು ವಾರಪತ್ರಿಕೆ ನಡೆಸುತ್ತಿದ್ದ. ಸಾಮಾನ್ಯ ಓದುಗರಿಗಲ್ಲ, ರೇಡಿಯೊ ಕೇಂದ್ರಗಳಲ್ಲಿ ಯಾವ ಹಾಡು ಹಾಕಬೇಕು ಅಂತ ತೀರ್ಮಾನಿಸುವವರಿಗೆ. ಯಾವ ಊರಿನಲ್ಲಿ ಯಾವ ರೆಕಾರ್ಡು ಓಡುತ್ತಿದೆ ಅನ್ನುವ ಸುದ್ದಿ ಅವರಿಗೆ ಸಿಗುತ್ತಿದ್ದದ್ದು ಅದರಿಂದ. ಗ್ಯಾವಿನ್ ಪ್ರಾಮಾಣಿಕ ಅನ್ನುವ ಹೆಸರಿತ್ತು, ಅದಕ್ಕೇ ಅವನ ಮಾತಿಗೆ ತೂಕವೂ ಇತ್ತು. 1966ರ ಏಪ್ರಿಲ್ 29ರ ಸಂಚಿಕೆಯಲ್ಲಿ ಅವನು ಎರಡು ಹಾಡುಗಳ ಮೇಲೆ ಬೆರಳು ತೋರಿಸಿದ: ಒಂದು 'ಏಯ್ಟ್ ಮೈಲ್ಸ್ ಹೈ', ಇನ್ನೊಂದು ಬಾಬ್ ಡಿಲನ್‌ನ 'ರೇನಿ ಡೇ ವಿಮೆನ್'. ಇವು ಗಾಂಜಾ ಮತ್ತು ಎಲ್‌ಎಸ್‌ಡಿ (ಭ್ರಮೆ ಹುಟ್ಟಿಸುವ ಒಂದು ಮಾದಕವಸ್ತು) ಸೇವನೆಗೆ ಉತ್ತೇಜನ ಅಥವಾ ಸಮ್ಮತಿ ಕೊಡುವಂತಿವೆ, ಮಾರಾಟ ಚೆನ್ನಾಗಿದ್ದರೂ ಪ್ರಸಾರಕ್ಕೆ ನಾವು ಶಿಫಾರಸು ಮಾಡಲಾರೆವು ಅನ್ನುವುದು ಸಾರಾಂಶ. ಕೆಲವು ಕೇಂದ್ರಗಳು ಹಾಡನ್ನು ಕೈಬಿಟ್ಟವು.

ಆ ಕಾಲದ ಗಾಳಿ ಹೇಗಿತ್ತು ಅಂತ ನೆನಪಿಟ್ಟುಕೊಳ್ಳಬೇಕು. ಮಾರ್ಚ್ 25ರ ಲೈಫ್ ಪತ್ರಿಕೆಯ ಮುಖಪುಟದ ವಿಷಯವೇ ಎಲ್‌ಎಸ್‌ಡಿ. ಅದನ್ನು ತಯಾರಿಸುತ್ತಿದ್ದ ಸ್ಯಾಂಡೊಝ್ ಕಂಪನಿ ಏಪ್ರಿಲ್‌ನಲ್ಲಿ ಪೂರೈಕೆ ನಿಲ್ಲಿಸಿತು. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಕಾನೂನುಬಾಹಿರ ಮಾಡಿದ್ದು ಅಕ್ಟೋಬರ್ 6ರಿಂದ. ಅಂದರೆ ಹಾಡು ಬಂದಾಗ ಅದಿನ್ನೂ ಅಲ್ಲಿ ಅಪರಾಧವಾಗಿರಲಿಲ್ಲ. ತಂದೆತಾಯಂದಿರ ಭಯ ನಿಜವಾದದ್ದು. ಆ ಭಯವನ್ನು ನಾನು ಹಗುರ ಮಾಡುವುದಿಲ್ಲ. ಮುಂದಿನ ವರ್ಷಗಳಲ್ಲಿ ಎಷ್ಟೋ ಪ್ರತಿಭಾವಂತರ ಬಾಳು ಅಲ್ಲೇ ಹಾಳಾಯಿತು.

ಆದರೆ ಹಾಡು ಬಿದ್ದದ್ದು ವರದಿಯಿಂದಲೇ ಅನ್ನುವವರಿಗೆ ನನ್ನ ಪ್ರಶ್ನೆ ಒಂದೇ. ಅದೇ ಸಂಚಿಕೆಯಲ್ಲಿ, ಅದೇ ವಾಕ್ಯದಲ್ಲಿ ಡಿಲನ್‌ನ ಹಾಡೂ ಇತ್ತಲ್ಲ, ಅದೇನಾಯಿತು? ಅದು ಅದೇ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಅದರಲ್ಲಾದರೂ ಅಮಲಿನ ಮಾತು ಪಲ್ಲವಿಯಲ್ಲೇ ಬಾಯಿಬಿಟ್ಟು ಹೇಳಿದ ಹಾಗಿದೆ! ಬಹಿಷ್ಕಾರವೇ ಕಾರಣವಾಗಿದ್ದರೆ ಎರಡೂ ಬೀಳಬೇಕಿತ್ತು. 2010ರಲ್ಲಿ ಮಾರ್ಕ್ ಟೀಹನ್ ಎಂಬ ಸಂಶೋಧಕರು ಆ ಕಾಲದ ರೇಡಿಯೊ ಕೇಂದ್ರಗಳ ಪಟ್ಟಿಗಳನ್ನು ಕೆದಕಿ ಹೆಚ್ಚುಕಡಿಮೆ ಇದೇ ತೀರ್ಮಾನಕ್ಕೆ ಬಂದಿದ್ದಾರೆ: ವರದಿಯ ಪೆಟ್ಟಿಗಿಂತ ಹಾಡಿನ ಜಟಿಲತೆ ದೊಡ್ಡ ಕಾರಣ, ಜೊತೆಗೆ ಕಂಪನಿಯ ಪ್ರಚಾರ ಸಾಲದು, ಕ್ಲಾರ್ಕ್ ನಿರ್ಗಮನ ಬೇರೆ.

ನನಗೂ ಹಾಗೇ ಕಾಣುತ್ತದೆ. ಡಿಲನ್‌ನ ಹಾಡು ಜಾತ್ರೆಯ ವಾಲಗದಂತಿದೆ, ಮೊದಲ ಸಲ ಕೇಳಿದವನೂ ಜೊತೆಗೂಡಿ ಹಾಡಬಹುದು. 'ಏಯ್ಟ್ ಮೈಲ್ಸ್ ಹೈ' ಹಾಗೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪಲ್ಲವಿಯಿಲ್ಲ. ಹಿಡಿದು ಗುನುಗಲು ಸಾಲಿಲ್ಲ. ಮೂವರ ದನಿ ಮಂಜಿನಂತೆ ಕವಿದಿದೆ, ಗಿಟಾರು ಎಲ್ಲಿಗೆ ಹೋಗುತ್ತಿದೆ ತಿಳಿಯುವುದಿಲ್ಲ. ಕಾರಿನ ರೇಡಿಯೊದಲ್ಲಿ ಎರಡು ಜಾಹೀರಾತುಗಳ ನಡುವೆ ಇದನ್ನು ಕೇಳಿದ ಹದಿನಾರರ ಹುಡುಗನಿಗೆ ಏನನಿಸಿರಬೇಕು? ಅವನ ಮೇಲೆ ತಪ್ಪಿಲ್ಲ. ಇಷ್ಟು ಕಠಿಣವಾದ ಸಂಗೀತ ಹದಿನಾಲ್ಕನೇ ಸ್ಥಾನದವರೆಗೆ ಹೋದದ್ದನ್ನೇ ನಾನು ಆ ಕಾಲದ ಕೇಳುಗರ ದೊಡ್ಡತನ ಅಂತ ಎಣಿಸುತ್ತೇನೆ.

ಹಾಗಾದರೆ ಇದು ಡ್ರಗ್ ಹಾಡೋ ಅಲ್ಲವೋ? ಆಗ ತಂಡದವರು ಸಾರಾಸಗಟಾಗಿ ಅಲ್ಲಗಳೆದರು. ವಿಮಾನದ ಹಾಡು, ಲಂಡನ್ ಪ್ರವಾಸದ ಹಾಡು, ಅಷ್ಟೇ ಅಂದರು. ವರ್ಷಗಳು ಕಳೆದ ಮೇಲೆ ಕ್ರಾಸ್ಬಿ ಹೌದು, ಅಮಲಿನಲ್ಲೇ ಬರೆದದ್ದು ಅಂತ ಒಪ್ಪಿಕೊಂಡ. ಕ್ಲಾರ್ಕ್ ಕೂಡ ಎರಡೂ ಸೇರಿದೆ ಅನ್ನುವ ಅರ್ಥದಲ್ಲಿ ಮಾತಾಡಿದ. ನನಗೆ ಈ ವಾದದಲ್ಲಿ ಆಸಕ್ತಿ ಕಡಿಮೆ. ಅವರು ಏನು ಸೇದಿದ್ದರು ಅನ್ನುವುದು ಅವರ ಜೀವನಚರಿತ್ರೆ. ಆ ನಾಲ್ಕು ಸ್ವರ ಹಿಗ್ಗುವ ಬಗೆ ಬಂದದ್ದು ದಿನವೂ ಕೂತು ಕೇಳಿದ್ದರಿಂದ, ಕೈ ಪಳಗಿಸಿದ್ದರಿಂದ. ಅಮಲು ಯಾರಿಗೂ ಆ ಕೈ ಕೊಡುವುದಿಲ್ಲ.

ಈ ಮಾತನ್ನು ನನಗಿಂತ ಅಧಿಕಾರದಿಂದ ಹೇಳಿದವರು ರವಿಶಂಕರರೇ. 1967ರ ಜೂನ್ 18ರ ಭಾನುವಾರ ಮಧ್ಯಾಹ್ನ ಕ್ಯಾಲಿಫೋರ್ನಿಯಾದ ಮಾಂಟೆರೇ ಉತ್ಸವದಲ್ಲಿ ಅವರು ನುಡಿಸಿದರು. ತಬಲಾಕ್ಕೆ ಅಲ್ಲಾ ರಖಾ, ತಂಬೂರಿಗೆ ಕಮಲಾ ಚಕ್ರವರ್ತಿ. ಬರ್ಡ್ಸ್ ತಂಡ ಹಿಂದಿನ ರಾತ್ರಿ ಅದೇ ವೇದಿಕೆಯಲ್ಲಿ ಹಾಡಿತ್ತು. ಸಭಿಕರಿಗೆ ರವಿಶಂಕರರು ಮೊದಲೇ ಕೇಳಿಕೊಂಡದ್ದು: ದಯವಿಟ್ಟು ಧೂಮಪಾನ ಬೇಡ. ತಮ್ಮ ಸಂಗೀತವನ್ನು ಅಮಲಿನ ಜೊತೆ ಕಟ್ಟಿಹಾಕುವುದನ್ನು ಅವರು ಕೊನೆಯವರೆಗೂ ವಿರೋಧಿಸಿದರು. ಗುರು ಅಲ್ಲಾವುದ್ದೀನ್ ಖಾನರ ಬಳಿ ವರ್ಷಗಟ್ಟಲೆ ಬೆವರು ಸುರಿಸಿ ಕಲಿತ ವಿದ್ಯೆ ಅದು. ಗೋಡೆಗೆ ಹಚ್ಚುವ ಬಣ್ಣದ ಪೋಸ್ಟರಿನ ಹಿನ್ನೆಲೆ ಸಂಗೀತವಾಗಿ ಅದು ಬಳಕೆಯಾದಾಗ ಅವರಿಗಾದ ಸಂಕಟ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಕೀರವಾಣಿ, ಚಾರುಕೇಶಿ, ವಾಚಸ್ಪತಿಯಂಥ ನಮ್ಮ ಕರ್ನಾಟಕ ಸಂಗೀತದ ರಾಗಗಳನ್ನು ಹಿಂದೂಸ್ತಾನಿ ವೇದಿಕೆಗೆ ಒಯ್ದವರಲ್ಲಿ ಅವರೂ ಪ್ರಮುಖರು. ಇನ್ನೊಂದು ಪದ್ಧತಿಯಿಂದ ಪಡೆಯುವುದು ಹೇಗೆ, ಪಡೆದದ್ದಕ್ಕೆ ಮರ್ಯಾದೆ ಕೊಡುವುದು ಹೇಗೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಡಿನ ಮುಂದಿನ ಬಾಳುವೆ ದೀರ್ಘವಾಗಿದೆ. 1966ರ ಜುಲೈನಲ್ಲಿ 'ಫಿಫ್ತ್ ಡೈಮೆನ್ಷನ್' ಆಲ್ಬಮ್‌ನಲ್ಲಿ ಅದು ಮತ್ತೆ ಬಂತು. 1969ರಲ್ಲಿ ಗೋಲ್ಡನ್ ಇಯರಿಂಗ್ ಎಂಬ ಡಚ್ ತಂಡ ಅದನ್ನು ಹತ್ತೊಂಬತ್ತು ನಿಮಿಷಕ್ಕೆ ಎಳೆಯಿತು. 1970ರಲ್ಲಿ ಬರ್ಡ್ಸ್ ತಂಡವೇ, ಮಗ್ವಿನ್ ಒಬ್ಬನನ್ನು ಬಿಟ್ಟು ಎಲ್ಲ ಹೊಸ ಮುಖಗಳೊಂದಿಗೆ, ವೇದಿಕೆಯಲ್ಲಿ ನುಡಿಸಿದ ಹದಿನಾರು ನಿಮಿಷದ ರೂಪ ಹೊರತಂದಿತು. ನನಗೆ ಬಹಳ ಇಷ್ಟವಾದದ್ದು 1984ರದ್ದು. ಹುಸ್ಕರ್ ಡೂ ಎಂಬ ಮಿನಿಯಾಪೊಲಿಸ್‌ನ ಮೂವರ ಪಂಕ್ ತಂಡ ಇದನ್ನೇ ಸಿಂಗಲ್ ಆಗಿ ತಂದಿತು. ಅದರಲ್ಲಿ ಹಾಡು ಮುಂದೆ ಹೋದಂತೆ ಮಾತುಗಳೆಲ್ಲ ಕರಗಿ ಕೊನೆಗೆ ಬರೀ ಆರ್ತನಾದ ಉಳಿಯುತ್ತದೆ. ಹೂವು, ಅಗರಬತ್ತಿ, ಸಿತಾರ್ ಎಲ್ಲವನ್ನೂ ಕಿತ್ತೆಸೆದರೂ ಹಾಡಿನ ಒಳಗಿನ ಆ ಪರಕೀಯತೆಯ ನೋವು ಹಾಗೇ ಇದೆ ಅಂತ ಅದು ತೋರಿಸಿಕೊಟ್ಟಿತು. 1999ರಲ್ಲಿ ಗ್ರ್ಯಾಮಿ ಹಾಲ್ ಆಫ್ ಫೇಮ್‌ಗೂ ಹಾಡು ಸೇರಿತು. ಕ್ಲಾರ್ಕ್ ಅದನ್ನು ನೋಡಲಿಲ್ಲ. 1991ರ ಮೇ ತಿಂಗಳಲ್ಲಿ, ನಲವತ್ತಾರು ವಯಸ್ಸಿಗೆ, ತೀರಿಕೊಂಡಿದ್ದ.

(ಮಾತಿನ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.)

ವೀಣೆ ಕಲಿಸುವ ಹಿರಿಯರೊಬ್ಬರು ಕೇಳಿದರು: "ಆಧಾರ ಸ್ವರ ಇದೆ ಅಂತೀರಿ, ಆದರೆ ಹಾಡುವಾಗ ಕಾರ್ಡುಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು) ಬದಲಾಗುತ್ತಲೇ ಇವೆಯಲ್ಲ. ಹಾಗಿದ್ದ ಮೇಲೆ ನಮ್ಮ ಕ್ರಮ ಅನ್ನುವುದು ಹೇಗೆ?"

ನಿಜ ಅಮ್ಮ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಮೂವರೂ ಹಾಡುವ ಭಾಗ ಪಾಶ್ಚಾತ್ಯ ಕ್ರಮದ್ದೇ, ಅಲ್ಲಿ ಕಾರ್ಡುಗಳು ಚಲಿಸುತ್ತವೆ. ಹಾಡು ನಿಂತು ಗಿಟಾರ್ ಶುರುವಾದಾಗ ಬಾಸ್ ಮತ್ತೆ ಆಧಾರಕ್ಕೆ ಮರಳಿ ಅಲ್ಲೇ ಬೇರೂರುತ್ತದೆ. ಒಂದೇ ಹಾಡಿನೊಳಗೆ ಎರಡು ಲೋಕಗಳು ಹೀಗೆ ಸರದಿಯಲ್ಲಿ ಬರುತ್ತವೆ, ಅವುಗಳ ನಡುವಿನ ಹೊಲಿಗೆ ಕೇಳಿಸುತ್ತದೆ. ಪೂರ್ತಿ ಬೆರೆಸಿದ್ದೇವೆ ಅಂತ ಅವರು ಹೇಳಿಕೊಂಡಿದ್ದರೆ ನೀವು ಆಕ್ಷೇಪಿಸಬಹುದಿತ್ತು.

ಕಾಲೇಜು ಓದುವ ಹುಡುಗನೊಬ್ಬ ಕೇಳಿದ: "ಸಾರ್, ಇದುವರೆಗೆ ಇವರನ್ನು ಕೇಳಿಲ್ಲ. ಎಲ್ಲಿಂದ ಶುರು ಮಾಡಲಿ?"

ಮೊದಲು ಕೋಲ್ಟ್ರೇನ್‌ನ 'ಇಂಡಿಯಾ' ಕೇಳಪ್ಪ. ಉದ್ದವಿದೆ, ಬೇಸರ ಮಾಡಿಕೊಳ್ಳಬೇಡ, ಎರಡು ಬಾಸ್‌ಗಳ ಮೇಲೇ ಗಮನವಿಡು. ಆಮೇಲೆ ಆರ್‌ಸಿಎ ಸ್ಟುಡಿಯೊದ ಮೊದಲ ಮುದ್ರಣ ಹಾಕು. ಅದರಲ್ಲಿ ಕೈಗಳು ಇನ್ನೂ ದಾರಿ ಹುಡುಕುತ್ತಿವೆ, ಒರಟಾಗಿದೆ, ಕ್ರಾಸ್ಬಿಗೆ ಯಾಕೆ ಇಷ್ಟವಾಗಿತ್ತು ಅಂತ ತಿಳಿಯುತ್ತದೆ. ಕೊನೆಗೆ ಕೊಲಂಬಿಯಾದ್ದು. ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡ, ಹಿಲ್‌ಮನ್‌ನ ಬಾಸ್ ಅದರಲ್ಲಿ ಬರುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಯಾರ ಹತ್ತಿರವಾದರೂ ಇಸಕೊ.